ಗಯಾಬಾಯಿಯ ಬರಿ ಬಾಯಿ

ಇಪ್ಪತ್ಮೂರು ವರ್ಷ ಗಯಾಬಾಯಿಯ ಬರಿ ಬಾಯಿಯನ್ನು ಯಾರೂ ನೋಡಿರಲಿಲ್ಲ. ಗಂಡ ಚನ್ನಬಸಪ್ಪನೂ ನೋಡಿರಲಿಲ್ಲ. ಅವಳ ನಲವತ್ಮೂರನೇ ವಯಸ್ಸಿಗೆ ಹಲ್ಲೆಲ್ಲ ಅಲುಗಾಡಿ ಕೀಳಿಸಬೇಕಾಗಿ ಬಂತು. ಆಗ ತಮ್ಮೂರು ಘಾಟಬೋರಾಳದಿಂದ ಹುಮನಾಬಾದಿಗೆ ಕರೆದುಕೊಂಡು ಹೋಗಿ ಹಲ್ಲು ಕಟ್ಟಿಸಿದವನು ಅವನೇ. ಕಿತ್ತ ಮೇಲೆ ಹೊಸ ಸೆಟ್ಟು ಬರುವತನಕದ ಎರಡು ತಿಂಗಳು ಅವಳು ಸೆರಗನ್ನು ಮೂಗಿನವರೆಗೆ ಎಳೆದುಕೊಂಡೇ ದಿನ ಕಳೆದಳು. ಕನ್ನಡಿಯ ಕಡೆ ತಿರುಗಿಯೂ ನೋಡಲಿಲ್ಲ. ಸೆಟ್ಟು ಬಂದ ಮೇಲೆ ಒಬ್ಬರ ಮುಂದೂ ಅದನ್ನು ತೆಗೆದವಳಲ್ಲ. ಬೆಳಿಗ್ಗೆ ಬಚ್ಚಲಲ್ಲಿ ಗೋಡೆಗೆ ಮುಖ ಮಾಡಿ ತೊಳೆಯುವಳು, ತೊಳೆದ ಕೂಡಲೇ ಹಾಕಿಕೊಳ್ಳುವಳು. ಮಲಗಿದಾಗಲೂ ಹಲ್ಲು ಬಾಯಲ್ಲೇ. ಎಂಟು ವರ್ಷದ ಹಿಂದೆ ಚನ್ನಬಸಪ್ಪ ತೀರಿಕೊಂಡ ಮೇಲೂ ಆ ರೂಢಿ ಬಿಡಲಿಲ್ಲ.

ಹಲ್ಲು ಇದ್ದ ಹಾಗೇ ಇದ್ದವು, ಬಾಯಿ ಇದ್ದ ಹಾಗೆ ಇರಲಿಲ್ಲ. ಹತ್ತು ವರ್ಷದ ಹಿಂದೆ ಕೆಳಗಿನ ಸೆಟ್ಟು ಸಡಿಲಾಯಿತು. ಗಯಾಬಾಯಿ ಹಳೆಯ ಧೋತರದ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಅದರ ಅಡಿಗಿಟ್ಟಳು. ಗಟ್ಟಿಯಾಗಿ ಕುಳಿತಿತು. ಮೂರು ವರ್ಷಕ್ಕೆ ಮತ್ತೆ ಸಡಿಲಾಯಿತು, ನಾಲ್ಕು ಮಡಿಕೆ ಮಾಡಿದಳು. ಈ ವರ್ಷ ಎಂಟು ಮಡಿಕೆ ಇಟ್ಟರೂ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ರೊಟ್ಟಿಯ ತುತ್ತಿನ ಜೊತೆಗೇ ಕೆಳಗಿನ ಹಲ್ಲಿನ ಸಾಲು ತಾಟಿಗೆ ಬಿತ್ತು.

ಸೊಸೆ ವರ್ಷಾ ಬೇರೆ ಕಡೆ ನೋಡುತ್ತ ಅಂದಳು: "ನಾಳಿಗಿ ದವಾಖಾನಿಗಿ ಹೋಗೋಣ ನಡೀರಿ ಅತ್ತಿ. ಇಲ್ಲಂದ್ರ ಒಂದಿನ ಅದನ್ನೂ ನುಂಗಿ ನೀರು ಕುಡೀತೀರಿ."

ಹುಮನಾಬಾದಿನ ಹಲ್ಲಿನ ಡಾಕ್ಟರು ಕರೀಮಾ, ಇನ್ನೂ ಎಳೆಯ ಹುಡುಗಿ. ಮೆಲ್ಲಗೆ ಎರಡೂ ಸೆಟ್ಟು ಹೊರತೆಗೆದಳು, ಕೆಳಗಿನದರ ಅಡಿಯ ಬಟ್ಟೆಯನ್ನು ಚಿಮಟದಿಂದ ಎತ್ತಿ ಬಿಚ್ಚಿದಳು. ಬಿಚ್ಚಿದಷ್ಟೂ ಬಂತು.

"ಆಯಿ, ಬಾಯಾಗ ಹಾಸಿಗಿ ಹಾಸೀರಲ್ರಿ!"

"ಹಲ್ಲು ಸವದು ಸಣ್ಣ ಆಗ್ಯಾವ್ರಿ, ಅದಕ್ಕ."

"ಹಲ್ಲು ಸವದಿಲ್ಲ. ನಿಮ್ಮ ದವಡಿ ಎಲುಬು ಸವದದ. ಹಲ್ಲಿನ ಬೇರು ಒಳಗ ಇರೋತನಕ ಎಲುಬಿಗಿ ಕೆಲಸ ಇರ್ತದ, ಗಟ್ಟಿ ಇರ್ತದ. ಬೇರು ಹೋದ ಮ್ಯಾಲ ವರ್ಷದಿಂದ ವರ್ಷಕ್ಕ ಸವಕೊಂತ ಹೋಗ್ತದ. ಈ ಕಟ್ಟಿಸಿದ ಹಲ್ಲು ಒಸಡಿನ ಮ್ಯಾಲ ಕುಂದರ್ತಾವ, ಅಷ್ಟೇ. ಎಲುಬಿನಾಗ ಇಳಿಯಂಗಿಲ್ಲ."

ಗಯಾಬಾಯಿ ಸೆರಗಿನೊಳಗಿಂದಲೇ ಅಂದಳು: "ಹೊಲದ ಬದುವಿನ ಮ್ಯಾಲಿನ ಗಿಡ ಕಿತ್ತಮ್ಯಾಲ ಮಣ್ಣು ಜಾರಿದಂಗ ಅನ್ರಿ."

"ಬರೋಬ್ಬರಿ ಹಂಗೇ. ಮತ್ತ ನೀವು ಮಲಗುವಾಗರ ತಗದಿದ್ರ ಒಸಡಿಗಿ ಜರಾ ಆರಾಮ ಸಿಗತಿತ್ತು. ಅದೂ ಮಾಡಿಲ್ಲ. ತಗೋರಿ ಕನ್ನಡಿ. ಸೆರಗು ಬಿಡ್ರಿ, ನಾ ಡಾಕ್ಟರ್ ಇದ್ದೀನಿ. ನೋಡ್ರಿ, ಒಳಗಿನ ಆಸರ ಹೋಗಿ ತುಟಿ ಹ್ಯಾಂಗ ಒಳಗ ಹೋಗ್ಯಾವ. ಮೂಗಿಗೂ ಗದ್ದಕ್ಕೂ ನಡುವ ಎಷ್ಟು ಕಮ್ಮಿ ಆಗ್ಯಾದ..."

ಮುಂದಿನದು ಗಯಾಬಾಯಿಗೆ ಕೇಳಿಸಲಿಲ್ಲ. ಗದ್ದ ಮೇಲೆ ಬಂದು ಮೂಗಿನ ಹತ್ತಿರ ನಿಂತಿತ್ತು. ಬಾಯಿಯ ಸುತ್ತ ನಿರಿಗೆ ಹಿಡಿದಂತೆ ಗೆರೆಗಳು. ಗಲ್ಲದಲ್ಲಿ ಎರಡು ಗುಳಿ. ಮುಖ ಒಂದು ಗೇಣಿಗಿಂತ ಕಡಿಮೆಯಾಗಿತ್ತು.

"ಅವ್ವಾ," ಅಂದಳು.

"ನೋಯಾಕತ್ತದೇನ್ರಿ ಆಯಿ?" ಕರೀಮಾ ಗಾಬರಿಯಾದಳು.

"ಇಲ್ರಿ."

ಗಯಾಬಾಯಿಯ ಅವ್ವ ತೀರಿಕೊಂಡು ಐವತ್ತೆರಡು ವರ್ಷ. ಒಂಬತ್ತು ಹೆತ್ತು, ಹೊಗೆಸೊಪ್ಪು ಸುಟ್ಟು ಪುಡಿ ಮಾಡಿದ ಮಿಸರಿಯಿಂದ ದಿನಕ್ಕೆ ನಾಲ್ಕು ಸಲ ಹಲ್ಲುಜ್ಜಿ, ನಲವತ್ತಕ್ಕೇ ಬಾಯಿ ಬರಿದು ಮಾಡಿಕೊಂಡಿದ್ದಳು. ನಲವತ್ನಾಲ್ಕಕ್ಕೆ ಹೋದಳು. ಉಳಿದದ್ದು ಎರಡೇ ಮಕ್ಕಳು: ಹದಿನಾಲ್ಕರ ಗಯಾಬಾಯಿ, ಮೂರರ ಮಚ್ಚೇಂದ್ರ. ಮುಂದೆ ಮದುವೆಯಾಗಿ ಹೋಗುವ ತನಕ ತಮ್ಮನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಅವಳೇ.

ಮಚ್ಚೇಂದ್ರ ಈಗ ಬಸವಕಲ್ಯಾಣದಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾನೆ. ಮೊಮ್ಮಕ್ಕಳಾಗಿವೆ. ಆದರೆ ಅವ್ವನನ್ನು ಕಂಡಿದ್ದ ಯಾರೇ ಮುದುಕರು ಜೋಳ ಬೀಸಿಸಲು ಬಂದರೂ ಗಿರಣಿ ನಿಲ್ಲಿಸಿ ಕೇಳುತ್ತಾನೆ, "ನಮ್ಮವ್ವ ಹ್ಯಾಂಗಿದ್ಳ್ರಿ?" ಅವರು "ಛಲೋ ಇದ್ಳಪ್ಪ" ಅನ್ನುತ್ತಾರೆ. ಅದರಿಂದ ಅವನಿಗೆ ಏನೂ ಕಾಣುವುದಿಲ್ಲ. ಅವ್ವನ ಒಂದು ಫೋಟೋವೂ ಇರಲಿಲ್ಲ.

ಆರು ವರ್ಷದ ಹಿಂದೆ ಅವನಿಗೊಂದು ಯುಕ್ತಿ ಹೊಳೆಯಿತು. ಅಕ್ಕ ಅವ್ವನ ಹಾಗೇ ಇದ್ದಾಳೆ ಎಂದು ಎಲ್ಲರೂ ಅನ್ನುತ್ತಿದ್ದರು. ಫೋಟೋದ ಅಂಗಡಿಯ ಸೈಫುದ್ದೀನ್, ಗಯಾಬಾಯಿಯ ಫೋಟೋ ತೆಗೆದುಕೊಂಡು, ಕೂದಲು ಕಪ್ಪು ಮಾಡಿ, ಹಣೆಗೆ ದೊಡ್ಡ ಕುಂಕುಮ ಇಟ್ಟು, ಇಳಕಲ್ ಸೀರೆ ಉಡಿಸಿ ಅವ್ವನನ್ನು ಮಾಡಿಕೊಟ್ಟ. ಮಚ್ಚೇಂದ್ರ ಕಟ್ಟು ಹಾಕಿಸಿ, ಹಾರ ಹಾಕಿ ಗೋಡೆಗೆ ಏರಿಸಿದ.

"ಇದು ಅವ್ವ ಅಲ್ಲೋ ಮಚ್ಚ್ಯಾ," ಅಂದಿದ್ದಳು ಗಯಾಬಾಯಿ.

"ಮತ್ತ ಎಲ್ಲಿ ತಪ್ಪ್ಯಾದ ಹೇಳು, ತಿದ್ದಸ್ತೇನಿ."

ಹಣೆ ಅವ್ವನದೇ. ಕಣ್ಣು ಅವ್ವನದೇ. ಮೂಗೂ ಅದೇ. "ಬಾಯಿ," ಅಂದಳು. ಸೈಫುದ್ದೀನ್ ತುಟಿ ತೆಳ್ಳಗೆ ಮಾಡಿದ. ಇನ್ನೊಮ್ಮೆ ದಪ್ಪ ಮಾಡಿದ. ಎರಡು ಸಲ ತಿದ್ದಿದರೂ ಆಗಲಿಲ್ಲ. ಏನು ತಪ್ಪಿದೆ ಎಂದು ಬಿಡಿಸಿ ಹೇಳಲು ಗಯಾಬಾಯಿಗೂ ಬರಲಿಲ್ಲ. ಮಚ್ಚೇಂದ್ರನ ಹೆಂಡತಿ ಮೀರಾಬಾಯಿ ಮಾತ್ರ ಪ್ರತಿ ಸಲ ನಗುತ್ತಿದ್ದಳು, "ಅಕ್ಕಾರು ಇಲ್ಲಿ ಕುಂತು ಚಹಾ ಕುಡೀಲಾಕತ್ಯಾರ, ಇವರು ಗ್ವಾಡಿ ಮ್ಯಾಲ ಅವರಿಗೇ ಊದಿನಕಡ್ಡಿ ಹಚ್ಚಾಕತ್ಯಾರ!"

ಈಗ ತಿಳಿಯಿತು. ಕಟ್ಟಿಸಿದ ಹಲ್ಲು ಇಪ್ಪತ್ಮೂರು ವರ್ಷ ಅವಳ ತುಟಿ ಗಲ್ಲ ಎತ್ತಿ ಹಿಡಿದಿದ್ದವು. ಅವುಗಳ ಹಿಂದೆ ಎಲುಬು ಸವೆದು ಸವೆದು ಅವ್ವನ ಮುಖ ತಯಾರಾಗುತ್ತಿತ್ತು. ಯಾರೂ ನೋಡಿರಲಿಲ್ಲ.

ಕರೀಮಾ ಎರಡು ವಾರ ಹಲ್ಲು ಹಾಕಬೇಡಿ, ಒಸಡಿನ ಬಾವು ಇಳಿಯಲಿ ಅಂದಳು. ಆ ಎರಡು ವಾರ ಗಯಾಬಾಯಿ ಅಡುಗೆ ಮನೆಯ ಕಿಟಕಿಯಲ್ಲಿ ಕನ್ನಡಿ ಇಟ್ಟುಕೊಂಡಳು. ರೊಟ್ಟಿಯನ್ನು ಬೇಳೆಯಲ್ಲಿ ನೆನೆಯಿಟ್ಟು ಬಾಯಿಗೆ ಹಾಕಿಕೊಂಡು ನೋಡಿದಳು. ಅವ್ವನೂ ಹೀಗೇ ತಿನ್ನುತ್ತಿದ್ದಳು, ನುಂಗುವಾಗ ಗದ್ದ ಮೂಗಿನ ತುದಿಯನ್ನು ಮುಟ್ಟಿ ಬರುತ್ತಿತ್ತು. ಬರೋಬ್ಬರಿ ಮುಟ್ಟಿತು.

"ಮೊಬೈಲನ್ಯಾಗ ಒಂದು ಫೋಟೋ ತಗದು ಮಚ್ಚೇಂದ್ರ ಮಾವಗ ಕಳಸ್ಲೇನ್ರಿ?" ಎಂದಳು ವರ್ಷಾ, ಸಂಗತಿ ತಿಳಿದ ಮೇಲೆ.

"ಒಂದು ಫೋಟೋ ಸುಳ್ಳಾಗಿ ಗ್ವಾಡಿ ಮ್ಯಾಲ ಕುಂತದ. ಸಾಕು. ಅಂವ ಕಣ್ಣಿಲೇ ನೋಡ್ಲಿ."

ಆಮೇಲೂ ಹಳೆಯ ಹಲ್ಲು ಹಾಕದೆಯೇ ಮೂರು ಸಲ ಹೋಗಿ ಹೊಸ ಸೆಟ್ಟಿಗೆ ಅಳತೆ ಕೊಟ್ಟಳು. ಮೂರನೇ ಸಲ ಕರೀಮಾ, ಸೋಮವಾರ ಹಲ್ಲು ಸಿಗ್ತಾವ ಅಂದಳು.

"ಅವು ಹಾಕ್ದ ಮ್ಯಾಲ ಈ ಮಾರಿ ಹೋಗ್ತದೇನ್ರಿ?" ಗಯಾಬಾಯಿ ಮುಖ ಮುಟ್ಟಿಕೊಂಡು ಕೇಳಿದಳು.

"ಹೋಗ್ತದ ಆಯಿ, ಫಿಕರ್ ಮಾಡಬ್ಯಾಡ್ರಿ. ಎಲುಬು ತಿರುಗಿ ಬರಂಗಿಲ್ಲ, ಆದ್ರ ತುಟಿ ಎದ್ದು ಬರ್ತಾವ. ಹತ್ತು ವರ್ಷ ಸಣ್ಣವರಾಗ್ತೀರಿ."

ಗಯಾಬಾಯಿ ಬೆರಳು ಮಡಿಚಿ ಎಣಿಸಿದಳು. ಉಳಿದದ್ದು ನಾಲ್ಕು ದಿನ. ಹಾಕಿಕೊಂಡ ಹಲ್ಲನ್ನು ಇನ್ನೊಬ್ಬರ ಮುಂದೆ ತೆಗೆಯುವುದೆಂದರೆ ಅವಳಿಗೆ ಮೈಮೇಲಿನ ಸೀರೆ ತೆಗೆದ ಹಾಗೆ. ಅದು ಅವಳಿಂದ ಆಗುವ ಕೆಲಸವಲ್ಲ. ಈಗ ಡಾಕ್ಟರೇ ತೆಗೆಸಿ ಕಳಿಸಿದ್ದಾಳೆ. ತೋರಿಸುವುದಾದರೆ ಈ ನಾಲ್ಕು ದಿನದೊಳಗೆ ತೋರಿಸಬೇಕು.

ಶುಕ್ರವಾರ ಬಸವಕಲ್ಯಾಣದ ಬಸ್ಸು ಹತ್ತಿದಳು. ಸೆರಗು ಕಣ್ಣಿನ ಕೆಳಗಿನವರೆಗೆ. ಗಿರಣಿಯ ಮುಂದೆ ಡಬ್ಬಿ ಹಿಡಿದು ಐದಾರು ಹೆಣ್ಣುಮಕ್ಕಳು ನಿಂತಿದ್ದರು. ಮೀರಾಬಾಯಿ ಒಳಗಿಂದ ಕೂಗಿದಳು, "ಏನ್ರಿ ಅಕ್ಕಾರ, ಹೊಸ ಮದುಮಗಳಂಗ ಮಾರಿ ಮುಚಗೊಂಡು ಬಂದೀರಿ!"

"ಮಚ್ಚ್ಯಾ, ಗಿರಣಿ ಬಂದ್ ಮಾಡಿ ಒಳಗ ಬಾ. ನಿನಗ ಅವ್ವನ ಮಾರಿ ತೋರಸ್ತೇನಿ."

ಅವನು ಹುಬ್ಬಿನ ಮೇಲೆ ಹಿಟ್ಟು ಮೆತ್ತಿಕೊಂಡೇ ಒಳಗೆ ಬಂದ. ಗಯಾಬಾಯಿ ಬೆಳಕಿರುವ ಕಡೆ ಬಾಗಿಲ ಹತ್ತಿರ ಕುಳಿತಳು. ಕಣ್ಣು ಮುಚ್ಚಿ ಸೆರಗು ಬಿಟ್ಟಳು.

ಕಣ್ಣು ತೆರೆದು ನೋಡಿದರೆ ಮಚ್ಚೇಂದ್ರನ ಕಣ್ಣು ತುಂಬಿತ್ತು.

"ಅಕ್ಕಾ, ಇಷ್ಟು ಯಾವಾಗ ಸೊರಗಿದಿ? ನನಗೊಂದು ಫೋನ್ ಮಾಡಬಾರದೇನು?"

"ನನ್ನ ನೋಡಬ್ಯಾಡ ಹುಚ್ಚಾ. ಅವ್ವನ ನೋಡು."

"ಎಲ್ಲಿ ನೋಡ್ಲಿ? ನನಗ ನೀನೇ ಕಾಣಸ್ತಿ. ಮುದುಕಿ ಆಗೀದಿ, ಅಷ್ಟೇ."

ಗಯಾಬಾಯಿ ಸೆರಗನ್ನು ಮೊದಲಿದ್ದಲ್ಲಿಗೆ ಎಳೆದುಕೊಂಡಳು. ಅವನದೇನೂ ತಪ್ಪಿರಲಿಲ್ಲ. ನೆನಪಿದ್ದವರಿಗೆ ತಾನೇ ಗುರುತು ಸಿಗುವುದು? ಮೂರು ವರ್ಷದ ಕೂಸಿನ ತಲೆಯಲ್ಲಿ ಏನು ಉಳಿದೀತು? ಅವನು ಬುದ್ಧಿ ಬಂದಾಗಿನಿಂದ ನೋಡಿದ್ದು ಅಕ್ಕನ ಮುಖವನ್ನೇ. ಮೀರಾಬಾಯಿ ಮೆತ್ತಗೆ ಸಜ್ಜಿಗೆ ಮಾಡಿಕೊಟ್ಟಳು. ಗಯಾಬಾಯಿ ಗೋಡೆಗೆ ತಿರುಗಿ ಅರ್ಧ ತಿಂದಳು. ಬಸ್ಸಿನಲ್ಲಿ ವಾಪಸು ಬರುವಾಗ ಅವಳಿಗೆ ಅವ್ವ ಎರಡನೇ ಸಲ ಸತ್ತ ಹಾಗಾಯಿತು. ಈ ಸಲ ಅತ್ತವಳು ಅವಳೊಬ್ಬಳೇ.

ಅಕ್ಕನಿಗೆ ಏನೋ ದೊಡ್ಡ ಬೇನೆ ಇದೆ, ತನ್ನಿಂದ ಮುಚ್ಚಿಡುತ್ತಿದ್ದಾಳೆ ಎಂದು ಮಚ್ಚೇಂದ್ರನ ತಲೆಯಲ್ಲಿ ಹೊಕ್ಕಿತ್ತು. ಸೋಮವಾರ ಗಿರಣಿಗೆ ಬೀಗ ಹಾಕಿ ಅವಳಿಗಿಂತ ಮೊದಲೇ ಹುಮನಾಬಾದಿನ ದವಾಖಾನೆಯ ಬೆಂಚಿನ ಮೇಲೆ ಬಂದು ಕುಳಿತಿದ್ದ.

ಒಳಗೆ ಕರೀಮಾ ಮೇಲಿನ ಸೆಟ್ಟು ಕೂಡಿಸಿದಳು, ಕೆಳಗಿನದು ಕೂಡಿಸಿದಳು. ಕಚ್ಚಿ ಹಿಡಿಯಲು ಹೇಳಿದಳು. "ಐವತ್ತರಿಂದ ಅರವತ್ತರತನಕ ಎಣಸ್ರಿ ಆಯಿ, ಮಾತು ಸರಿ ಬರ್ತಾವೇನು ನೋಡ್ತೀನಿ." ಗಯಾಬಾಯಿ ಎಣಿಸಿದಳು. ಒಂದೂ ಎಡವಲಿಲ್ಲ. ಮಲಗುವಾಗ ತೆಗೆದು ನೀರಲ್ಲಿಡಬೇಕು, ವರ್ಷಕ್ಕೊಮ್ಮೆ ತೋರಿಸಬೇಕು, ಬಟ್ಟೆ ಇಡಕೂಡದು ಎಂದು ಕರೀಮಾ ಬೆರಳೆತ್ತಿ ಹೇಳಿ ಕನ್ನಡಿ ಕೊಟ್ಟಳು. ತುಟಿ ಎದ್ದಿತ್ತು. ಗಲ್ಲದ ಗುಳಿ ತುಂಬಿತ್ತು. ಗದ್ದ ಕೆಳಗೆ ತನ್ನ ಜಾಗಕ್ಕೆ ಹೋಗಿತ್ತು. ಗಯಾಬಾಯಿ ಒಂದು ಗಳಿಗೆ ನೋಡಿ ಕನ್ನಡಿಯನ್ನು ಬೋರಲು ಇಟ್ಟಳು.

ಹೊರಗೆ ಬಂದಾಗ ಮಚ್ಚೇಂದ್ರ ಎದ್ದು ನಿಂತ, ಮುಖ ಅರಳಿತು. "ಹಾಂ! ಈಗ ನಮ್ಮ ಅಕ್ಕ ಬಂದ್ಳು ನೋಡು. ನಡಿ, ಗಟ್ಟಿ ಚೂಡಾ ತಿನಸ್ತೇನಿ, ಹಲ್ಲು ಪರೀಕ್ಷಾ ಮಾಡೋಣ."

ಹೇಳುತ್ತ ಹೇಳುತ್ತ ಹೊರಗೆ ಹೊರಟವನು ಮತ್ತೆ ಈಕಡೆ ತಿರುಗಿದ. ಅಕ್ಕನ ಮುಖವನ್ನು ನೋಡಿದ. ಮತ್ತೆ ನೋಡಿದ. ಬಾಯಿ ನೋಡಿದ, ಗದ್ದ ನೋಡಿದ.

"ಅಕ್ಕಾ."

"ಏನೋ?"

"ನೀ ಇಕಿ ಆದ್ರ, ಶುಕ್ರವಾರ ನಮ್ಮ ಮನಿಗಿ ಬಂದಾಕಿ ಯಾರು?"

ಗಯಾಬಾಯಿಯ ಕೈ ಸೆರಗಿನ ಕಡೆ ಹೋಯಿತು.

"ಒಮ್ಮೆ ತಗಿ ಅಕ್ಕಾ," ಅಂದ. ಐವತ್ತೈದು ವರ್ಷದ ಗಂಡಸಿನ ಧ್ವನಿ ಕೂಸಿನಂತಾಗಿತ್ತು. "ಒಂದೇ ಸಲ."

ಬೆಂಚಿನ ಮೇಲೆ ಏಳು ಮಂದಿ ಇದ್ದರು. ಗಲ್ಲ ಊದಿಸಿಕೊಂಡ ಒಬ್ಬ ಗಂಡಸು ಎದುರಿಗೇ ಕುಳಿತು ನೋಡುತ್ತಿದ್ದ. ಗಯಾಬಾಯಿ ಅವನನ್ನು ನೋಡಿದಳು, ತಮ್ಮನನ್ನು ನೋಡಿದಳು. ಬೆಂಚಿನ ತುದಿಗೆ ಕುಳಿತು ಕೆಳಗಿನದು ತೆಗೆದಳು, ಮೇಲಿನದು ತೆಗೆದಳು, ಎರಡನ್ನೂ ಎಡಗೈಯಲ್ಲಿ ಹಿಡಿದಳು. ಸೆರಗನ್ನು ಮುಟ್ಟಲಿಲ್ಲ. ಗದ್ದ ಮೆಲ್ಲಗೆ ಮೇಲೆ ಬಂತು.

ಮಚ್ಚೇಂದ್ರ ಅವಳ ಮುಂದೆ ನೆಲದ ಮೇಲೆ ಕುಳಿತುಬಿಟ್ಟ.

"ಇಷ್ಟು ಸಣ್ಣ ಮಾರಿ ಇತ್ತೇನು?"

"ಹೂಂ. ಇಷ್ಟೇ."

ಕರೀಮಾ ಬಾಗಿಲಿನಿಂದ ಇಣುಕಿದಳು. "ಏನ್ರಿ ಆಯಿ, ಈಗರ ಹಾಕಿ ಕಳಿಸೀನಿ, ಆಗಲೇ ತಗದ್ರಿ? ಚುಚ್ಚಾಕತ್ತಾವೇನು?"

"ಚುಚ್ಚಂಗಿಲ್ರಿ," ಅಂದಳು ಗಯಾಬಾಯಿ. ಹಲ್ಲಿಲ್ಲದ ಬಾಯಿಯಲ್ಲಿ ಮಾತು ಮೆತ್ತಗೆ ಬಂತು. "ಜರಾ ತಡೀರಿ. ನೋಡಾಕತ್ಯಾನ."