ಅರಿಶಿನ ಎಲೆಯ ಗಂಟು

ಎರಡು ವರ್ಷದ ಹಿಂದಿನ ಮಾತು. ನಾಗರಪಂಚಮಿ ಕಳೆದು ಮೂರನೇ ದಿನ. ಚೆನ್ನೈಯ ಮೈಲಾಪೂರಿನಲ್ಲಿರುವ ನಮ್ಮ ಹಳೇ ಫ್ಲ್ಯಾಟಿನ ಗೇಟಿನ ಪಕ್ಕ ಹಸಿಕಸದ ಹಸಿರು ಡಬ್ಬ ಎರಡು ದಿನದಿಂದ ಖಾಲಿಯಾಗದೆ ನಿಂತಿತ್ತು. ಈ ಊರಿನ ಸೆಕೆ ಗೊತ್ತಲ್ಲ, ನಾತ ಎರಡನೇ ಮಹಡಿಯ ನಮ್ಮ ಅಡುಗೆಮನೆಯವರೆಗೂ ಬರುತ್ತಿತ್ತು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕೆಳಗಿಳಿದು ಡಬ್ಬದ ಫೋಟೋ ತೆಗೆದು ಫ್ಲ್ಯಾಟಿನವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. "ಕಸ ಎತ್ತಲು ಆಗದಿದ್ದರೆ ಬೇರೆಯವರನ್ನು ಕಳಿಸಲಿ" ಎಂದು ಬರೆದೆ. ಹೆಬ್ಬೆರಳುಗಳ ಸುರಿಮಳೆಯಾಯಿತು. ನಮ್ಮ ಸೆಕ್ರೆಟರಿ ಸಾರ್, ನಿವೃತ್ತರು, ಬೇರೆ ಕೆಲಸವಿಲ್ಲ, ಅದನ್ನು ಹಾಗೇ ಕಸದ ಗುತ್ತಿಗೆಯವರಿಗೆ ದೂರು ಮಾಡಿ ಕಳಿಸಿಬಿಟ್ಟರು.

ಮರುದಿನ ಬೆಳಗ್ಗೆ ಏಳಕ್ಕೆ ಸೂಪರ್‌ವೈಸರ್ ಬೈಕಿನಲ್ಲಿ ಬಂದ. ಹಿಂದೆಯೇ ಬ್ಯಾಟರಿ ಗಾಡಿಯಲ್ಲಿ ಸೆಲ್ವಿ. ನಲವತ್ತರ ಆಸುಪಾಸಿನ ತೆಳ್ಳಗಿನ ಹೆಂಗಸು, ಆರು ವರ್ಷದಿಂದ ನಮ್ಮ ಬೀದಿಯ ಕಸ ಒಯ್ಯುವವಳು. ಹಾಸಿಗೆ ಹಿಡಿದ ತಾಯಿಯೊಂದಿಗೆ ಎರಡು ಬೀದಿ ಹಿಂದೆ ಕಾಲುವೆಯ ಪಕ್ಕ ಅವಳ ವಾಸ. ಹತ್ತು ಗಂಟೆಗೆ ಗಾಡಿ ನಿಲ್ಲಿಸಿ ಓಡಿಹೋಗಿ ತಾಯಿಗೆ ಗಂಜಿ ಕುಡಿಸಿ, ಮಗ್ಗುಲು ಬದಲಾಯಿಸಿ ಬರುತ್ತಾಳೆ. ಅದು ನಮಗೆಲ್ಲ ಗೊತ್ತಿದ್ದ ಸಂಗತಿ. ಫೋಟೋ ಹಾಕುವಾಗ ಮಾತ್ರ ನನಗೆ ಅದು ನೆನಪಾಗಲಿಲ್ಲ.

"ಇನ್ನೊಂದು ದೂರು ಬಂದರೆ ನಿನ್ನನ್ನು ಕಾಸಿಮೇಡು ಕಡೆಗೆ ಹಾಕುತ್ತೇನೆ. ಮುಂದಿನ ವಾರ ನಾನೇ ಬಂದು ನೋಡುತ್ತೇನೆ" ಎಂದು ಸೂಪರ್‌ವೈಸರ್ ಎಲ್ಲರ ಮುಂದೆ ಗದರಿದ. ಕಾಸಿಮೇಡು ಎಂದರೆ ಊರಿನ ಆ ತುದಿ, ಮೀನಿನ ಬಂದರಿನ ಹತ್ತಿರ. ಅಲ್ಲಿಂದ ಹತ್ತು ಗಂಟೆಗೆ ತಾಯಿಯ ಬಳಿ ಬಂದುಹೋಗುವುದು ಕನಸಿನ ಮಾತು.

ಸೆಲ್ವಿ ಅಳಲಿಲ್ಲ. ಒಂದು ಗೋಣಿ ಹಾಸಿ ಡಬ್ಬವನ್ನು ಅದರ ಮೇಲೆ ಮಗುಚಿದಳು. "ಪಾರುಂಗ ಸಾರ್" ಎಂದಳು, ನೋಡಿ ಎಂದು. ಹಸಿಕಸ ಎಂದು ನಾವು ಹಾಕಿದ್ದರಲ್ಲಿ ಬಾಟಲಿ, ಮೊಸರಿನ ಕಪ್ಪು ಎಲ್ಲ ಇದ್ದವು. ಎಲ್ಲಕ್ಕಿಂತ ಹೆಚ್ಚಾಗಿ ಇದ್ದದ್ದು ಬಿಗಿಯಾಗಿ ಗಂಟು ಹಾಕಿದ ಹಾಲಿನ ಕವರುಗಳು. ಹೀಗೆ ಬೆರೆತ ಕಸವನ್ನು ಅವಳು ಒಯ್ದರೆ ಗೊಬ್ಬರ ಮಾಡುವಲ್ಲಿ ಇಳಿಸಿಕೊಳ್ಳುವುದಿಲ್ಲ. ಇಷ್ಟು ದಿನ ಒಂದೊಂದೇ ಗಂಟು ತಾನೇ ಬಿಚ್ಚಿ ಒಯ್ಯುತ್ತಿದ್ದಳಂತೆ. ಹಬ್ಬದ ದಿನ ಕವರುಗಳು ವಿಪರೀತವಾಗಿ, ಸಮಯ ಸಾಲದೆ ಬಿಟ್ಟುಹೋಗಿದ್ದಳು.

"ಯಾರ ಮನೆಯವರಪ್ಪಾ ಹೀಗೆ ಗಂಟು ಕಟ್ಟಿ ಹಾಕೋದು!" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೇಳಿದವಳು ನಾನೇ.

ಸೆಲ್ವಿ ಕೂತು ಒಂದು ಗಂಟು ಬಿಚ್ಚಿದಳು. ಒಳಗಿನಿಂದ ಅನ್ನ, ಕಾಯಿಯ ಚರಟ, ಅದರ ಜೊತೆ ಉದ್ದುದ್ದ ಎಲೆಗಳು ಜಾರಿದವು. ಬೆಂದು ಬಣ್ಣಗೆಟ್ಟ ಅರಿಶಿನ ಎಲೆಗಳು! ನಾಗರಪಂಚಮಿಗೆ ಅರಿಶಿನ ಎಲೆಯಲ್ಲಿ ಕಡುಬು ಬೇಯಿಸುವುದು ನಮ್ಮ ಕುಂದಾಪುರ ಕಡೆಯ ಪದ್ಧತಿ. ನಮ್ಮ ಫ್ಲ್ಯಾಟಿನ ಹದಿನಾಲ್ಕು ಮನೆಗಳಲ್ಲಿ ಆ ಕಡೆಯವರೆಂದರೆ ನಾವೊಬ್ಬರೇ. ಬಾಲ್ಕನಿಯ ಕುಂಡದಲ್ಲಿ ಅರಿಶಿನ ಬೆಳೆದವರೂ ನಾವೊಬ್ಬರೇ. ಸುತ್ತ ನಿಂತವರಿಗೆ ಅದು ಯಾವುದೋ ಎಲೆ. ಸೆಲ್ವಿ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದಳು, ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಸುಮ್ಮನೆ ಮೇಲೆ ಬಂದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಅತ್ತೆಯನ್ನು ಕೇಳಿದೆ. ಎಪ್ಪತ್ತನಾಲ್ಕರ ನಮ್ಮತ್ತೆಗೆ ಅದೊಂದು ಪ್ರಶ್ನೆಯೇ ಅಲ್ಲ. "ಮುಸುರೆ ಬಾಲ್ದಿಗೆ ತಾಗೂಕಾಗ ಅಂದೇಳಿ ಕಟ್ಟಿ ಹಾಕೂದ್. ಅದ್ರಂಗೆ ಎಂತ ತಪ್ಪ್?" ಎಂದರು. ಅನ್ನ ತಾಗಿದ್ದೆಲ್ಲ ಅವರಿಗೆ ಮುಸುರೆ. ಅದು ಬೇರೆ ಯಾವುದಕ್ಕೂ ತಾಗಬಾರದು, ಕಸದ ಬಾಲ್ದಿಗೂ ತಾಗಬಾರದು. ದಿನಾ ಕವರಿನಲ್ಲಿ ಹಾಕಿ ಬಿಗಿದು ಕಟ್ಟುವವರು ಅವರು, ಬಾಲ್ದಿಯೊಳಗೆ ಕಣ್ಣು ಹಾಯಿಸದೆ ಕೆಳಗೆ ಸುರಿದು ಬರುವವಳು ನಾನು.

ಮರುದಿನ ಸೆಲ್ವಿಯ ಸೀಟಿ ಕೇಳಿದ ಕೂಡಲೇ ಅತ್ತೆಯನ್ನು ಬಾಲ್ಕನಿಗೆ ಕರೆದೆ. ಕೆಳಗೆ ಅವಳು ಕುಕ್ಕರುಗಾಲಿನಲ್ಲಿ ಕೂತಿದ್ದಳು. ದಪ್ಪ ಗ್ಲೌಸಿನಲ್ಲಿ ಅಷ್ಟು ಸಣ್ಣ ಗಂಟು ಬಿಚ್ಚಲಾಗದು. ಅದಕ್ಕೇ ಗ್ಲೌಸು ಕಳಚಿ ಪಕ್ಕಕ್ಕಿಟ್ಟು, ಉಗುರು ತೂರಿಸಿ ಗಂಟು ಬಿಚ್ಚುತ್ತಿದ್ದಳು. ಹಳಸಿದ ಅನ್ನದ ನೀರು ಮೊಣಕೈಯವರೆಗೆ ಇಳಿಯುತ್ತಿತ್ತು.

ಅತ್ತೆ ಕಂಬಿ ಹಿಡಿದುಕೊಂಡರು. "ನಾವ್ ಉಂಡ ಎಂಜಲನ್ನ ಅದ್ ಬರಿಗೈಯಂಗೆ ಬಿಚ್ಚೂದಾ? ಶಿವ ಶಿವಾ!" ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಆಮೇಲೆ, "ನಡಿ ಮಾರಾಯ್ತಿ, ಕೆಳಗೆ ಹೋಪ."

ಮಂಡಿನೋವಿನ ಅತ್ತೆ ಒಂದೊಂದೇ ಮೆಟ್ಟಿಲಿಳಿದು ಬಂದರು. "ಸೆಲ್ವಿ, ಈ ಗಂಟುಗಳು ನಮ್ಮ ಮನೆಯವು" ಎಂದೆ. ಅವಳು ಕೆಲಸ ನಿಲ್ಲಿಸದೆ "ತೆರಿಯುಮ್ ಅಕ್ಕಾ" ಎಂದಳು. ಅವಳಿಗೆ ಗೊತ್ತಿತ್ತು! ಆ ಎಲೆ ಘಮ್ಮೆನ್ನುವುದು ನಮ್ಮ ಬಾಲ್ಕನಿಯ ಕೆಳಗೆ ಮಾತ್ರವಂತೆ. ಮತ್ತೆ ಅಂದೇ ಏಕೆ ಹೇಳಲಿಲ್ಲ ಎಂದು ಕೇಳಿದೆ. "ಹೇಳಿದ್ದರೆ ಜಗಳ ಆಗ್ತಿತ್ತು. ಇನ್ನೊಂದು ದೂರು ಹೋಗ್ತಿತ್ತು. ನನಗೆ ಈ ಬೀದಿ ಬೇಕು ಅಕ್ಕಾ" ಎಂದು ತಮಿಳಿನಲ್ಲೇ ಮೆಲ್ಲಗೆ ಹೇಳಿದಳು.

ಮೇಲೆ ಬಂದು ಗ್ರೂಪಿನಲ್ಲಿ ಬರೆದೆ. ಗಂಟುಗಳು ನಮ್ಮವು, ತಪ್ಪು ನಮ್ಮದು, ದೂರು ಕೊಟ್ಟಿದ್ದೂ ತಪ್ಪು. ಫೋಟೋ ಹಾಕಲು ಒಂದು ನಿಮಿಷ ಹಿಡಿದಿತ್ತು, ಈ ಮೂರು ಸಾಲಿಗೆ ಅರ್ಧ ಗಂಟೆ. ಆಮೇಲೆ ಕೆಳಮಹಡಿಯ ಡಾಕ್ಟರಮ್ಮ, "ಮೊಸರಿನ ಕಪ್ಪುಗಳು ನಮ್ಮವು" ಎಂದು ಬರೆದರು. ಒಬ್ಬೊಬ್ಬರಾಗಿ ಇನ್ನೂ ನಾಲ್ವರು ಒಪ್ಪಿಕೊಂಡರು.

ಆದರೆ ಗೆಲ್ಲಿಸಿಕೊಟ್ಟವರು ಅತ್ತೆ. ಮಾವ ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಊಟದೆಲೆ ತುಂಬುವ ಬಾಲ್ದಿ ಹಸುಗಳಿಗೆ ಹೋಗುತ್ತಿತ್ತು. ಅದರಲ್ಲಿ ಎಲೆ, ಅನ್ನ ಬಿಟ್ಟು ಒಂದು ಕಡ್ಡಿ ಬಿದ್ದರೂ ಅತ್ತೆ ಕೂಗುತ್ತಿದ್ದರಂತೆ. ಈಗ ಅದೇ ಕಾಯಿದೆ ಫ್ಲ್ಯಾಟಿಗೂ ಬಂತು. ಬೆಳಗ್ಗೆ ಆರೂವರೆಗೆ ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ಅತ್ತೆ. ಯಾರೇ ಕಸ ತಂದರೂ ಮೊದಲು ಬಾಲ್ದಿ ತೋರಿಸಬೇಕು. ಸೆಕ್ರೆಟರಿ ಸಾರ್ ಎಲ್ಲ ಒಂದೇ ಚೀಲದಲ್ಲಿ ತುಂಬಿಕೊಂಡು ಬಂದಾಗ, "ಪಿರಿಚ್ಚು ಪೋಡುಂಗೋ ಸಾರ್" ಎಂದು ಕುಂದಾಪುರದ ರಾಗದ ತಮಿಳಿನಲ್ಲಿ ಅಡ್ಡಗಟ್ಟಿದರು. ಬೇರೆ ಮಾಡಿ ಹಾಕಿ ಎಂದರ್ಥ. ಅವರು ಮುಖ ಸಿಂಡರಿಸಿಕೊಂಡು ಅಲ್ಲೇ ನಿಂತು ವಿಂಗಡಿಸಿದರು. ಮೂರನೇ ದಿನದಿಂದ ಮನೆಯಲ್ಲೇ ವಿಂಗಡಿಸಿಕೊಂಡು ಬಂದು, ಬಾಲ್ದಿ ಎತ್ತಿ ತೋರಿಸಿ, "ಸರಿಯಾ ಮಾಮಿ?" ಎಂದು ಕೇಳತೊಡಗಿದರು. ನಮ್ಮ ಮನೆಯಲ್ಲಿ ಕವರು ಮಾಯವಾಯಿತು. ಮುಸುರೆಗೆಂದೇ ಮುಚ್ಚಳವಿರುವ ಸ್ಟೀಲಿನ ಬಾಲ್ದಿ ಬಂತು. ದಿನಾ ಅದನ್ನು ತೊಳೆದು ಬಿಸಿಲಿಗಿಡುವ ಕೆಲಸ ನನ್ನದಾಯಿತು.

ಹೇಳಿದಂತೆ ವಾರ ಕಳೆದು ಸೂಪರ್‌ವೈಸರ್ ಬಂದ. ಕರೆಯದಿದ್ದರೂ ಅಷ್ಟೂ ಮನೆಯವರು ಗೇಟಿನ ಬಳಿ ಸೇರಿದ್ದೆವು. ಯಾರಾದರೂ ಒಂದು ಕವರು ತೂರಿಸಿದ್ದರೆ ಎಂದು ನಾನು ಡಬ್ಬವನ್ನೇ ನೋಡುತ್ತಿದ್ದೆ. ಸೆಲ್ವಿ ಗೋಣಿ ಹಾಸಿ ಡಬ್ಬ ಮಗುಚಿದಳು. ಬಾಳೆಕಾಯಿ ಸಿಪ್ಪೆ, ಜಗಿದ ನುಗ್ಗೆಯ ನಾರು, ಕಾಫಿ ಚರಟ, ಬಾಡಿದ ಮಲ್ಲಿಗೆ, ಅನ್ನ. ಸೂಪರ್‌ವೈಸರ್ ಕೋಲಿನಿಂದ ಕೆದಕಿದ, ಮತ್ತೆ ಕೆದಕಿದ. ಪ್ಲಾಸ್ಟಿಕ್ಕಿನ ಒಂದು ಚೂರೂ ಇರಲಿಲ್ಲ. ಸೆಲ್ವಿ ಗ್ಲೌಸು ಹಾಕಿದ ಕೈಗಳನ್ನು ಸೊಂಟಕ್ಕಿಟ್ಟು ನಿಂತಿದ್ದಳು.

"ಸರಿ, ಇವಳು ಇಲ್ಲೇ ಇರಲಿ. ಈ ಬಿಲ್ಡಿಂಗ್ ಚೆನ್ನಾಗಿದೆ ಅಂತ ಬರೆದುಕೊಳ್ತೇನೆ" ಎಂದು ಅವನು ಪುಸ್ತಕ ತೆಗೆದ. ಆಗ ಸೆಲ್ವಿ ಒಂದು ಹೆಜ್ಜೆ ಮುಂದೆ ಬಂದಳು. "ಬಿಲ್ಡಿಂಗ್ ಮಟ್ಟುಂ ಇಲ್ಲೆ ಸಾರ್. ಎನ್ ಪೇರುಂ ಎಳುದುಂಗ" ಎಂದಳು. ಕಟ್ಟಡವೊಂದೇ ಅಲ್ಲ, ನನ್ನ ಹೆಸರನ್ನೂ ಬರೆಯಿರಿ. ದೂರಿನಲ್ಲಿ ಬರೆದಿರಲ್ಲ, ಇದರಲ್ಲೂ ಬರೆಯಿರಿ.

ಅವನು ಅವಳನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿದ. "ಎಳುದುಂಗೋ!" ಎಂದು ಕುರ್ಚಿಯಿಂದ ಅತ್ತೆಯ ದನಿ ಬಂತು. ಅವನು ಬರೆದ. ಸೆಲ್ವಿ ಪುಸ್ತಕಕ್ಕೆ ಬಾಗಿ ತನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ ನೋಡಿಕೊಂಡು, ಸರಿ ಎಂದು ತಲೆಯಾಡಿಸಿದಳು. ನಾವು ಚಪ್ಪಾಳೆ ತಟ್ಟಿದೆವು.

ಗೆದ್ದ ಖುಷಿ ನನ್ನ ಬಾಳಿನಲ್ಲಿ ಬೇರೆ ಬೇರೆ ಕಾರಣಕ್ಕೆ ಸಿಕ್ಕಿದೆ. ಆದರೆ ನಾನೇ ಮಾಡಿದ ಅನ್ಯಾಯದ ಎದುರು ನಿಂತು, ನಾನು ಸೋತು, ಅವಳು ಗೆದ್ದದ್ದನ್ನು ಕಂಡು ಅಂಗೈ ಉರಿಯುವಷ್ಟು ಚಪ್ಪಾಳೆ ತಟ್ಟಿದ್ದು ಆ ಒಂದು ಬೆಳಗ್ಗೆ ಮಾತ್ರ.