ಹೂ ಬಿಡಿಸುತ್ತಿದ್ದ ಅಕ್ಕ

ಮೊನ್ನೆ ಅಂಗಡಿಯಲ್ಲಿ ಕೂತು ಹಳೆಯ ಪಟವೊಂದರ ಹಿಂಬದಿಯ ಮೊಳೆಗಳನ್ನು ಎಬ್ಬಿಸಿ ರಟ್ಟು ಸರಿಸಿದೆ ನೋಡಿ, ಒಣಗಿದ ಸಂಪಿಗೆಯ ವಾಸನೆ ಬಂತು. ಜೊತೆಗೆ ಚೂರು ಕರ್ಪೂರದ್ದು. ಹೊಲಿಗೆ ಮಿಷನ್ನಿನ ಎಣ್ಣೆ, ಹೊಸ ಬಟ್ಟೆಯ ಗಂಜಿ ಇವೇ ತುಂಬಿರುವ ಜಾಗದಲ್ಲಿ ಆ ವಾಸನೆ ಮೂಗಿಗೆ ಬಡಿದದ್ದೇ ನನ್ನ ಕೈ ನಿಂತುಹೋಯಿತು. ಪಾಂಡವಪುರದ ಆ ಹಳೇ ಬೀದಿ, ಎರಡು ಹಿತ್ತಿಲುಗಳ ನಡುವಿನ ಮೋಟು ಗೋಡೆ, ಗೋಡೆಯಾಚೆ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಎಸಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ ಪಕ್ಕದ ಮನೆ ಅಕ್ಕ... ಎಲ್ಲ ಒಟ್ಟಿಗೆ ಬಂದವು.

ನಾನು ಮದುವೆಯಾಗಿ ಆ ಬೀದಿಗೆ ಬಂದಾಗ ನನ್ನ ಹತ್ತಿರ ಇದ್ದದ್ದು ತವರಿನಿಂದ ತಂದ ಹೊಲಿಗೆ ಮಿಷನ್ನು ಮತ್ತು ನನ್ನ ಬಾಯಿ. ಎರಡೂ ಬಿಡುವಿಲ್ಲದೆ ಓಡುತ್ತಿದ್ದವು. ಅಕ್ಕ ವಯಸ್ಸಿನಲ್ಲಿ ನನಗಿಂತ ಸಾಕಷ್ಟು ದೊಡ್ಡವರು, ಕೆ.ಆರ್. ಪೇಟೆ ಕಡೆಯವರು, ಸಂತೆಬಾಚಹಳ್ಳಿ ಹತ್ತಿರದ ಊರು. ನಾನು ನೂರು ಮಾತಾಡಿದರೆ ಅವರು ಒಂದು ನಗೆ ನಕ್ಕು ಸುಮ್ಮನಾಗುತ್ತಿದ್ದರು. ಅಂಥವರು ಒಂದು ದಿನ ಗೋಡೆಯ ಹತ್ತಿರ ಬಂದು, ರವಿಕೆ ಬಟ್ಟೆ ಬರುವ ಡಬ್ಬದ ರಟ್ಟು ಇದ್ದರೆ ಕೊಡುತ್ತೀಯಾ ಅಂತ ಕೇಳಿದರು. ಏತಕ್ಕೆ ಅಂದೆ, ಹೇಳಲಿಲ್ಲ. ಸ್ವಲ್ಪ ದಿನ ಕಳೆದ ಮೇಲೆ ಅದೇ ರಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದು ತೋರಿಸಿದರು.

ರಟ್ಟಿನ ಮೇಲೆ ಒಂದು ನಾಲೆ ಹರಿಯುತ್ತಿತ್ತು. ಏರಿಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸು ನಡೆದು ಹೋಗುತ್ತಿದ್ದಳು. ಬಣ್ಣ ಬಳಿದದ್ದಲ್ಲ. ನೀರು ಶಂಖಪುಷ್ಪದ ಎಸಳು, ಬಿಸಿಲು ಹುಚ್ಚೆಳ್ಳಿನ ಹೂವು, ಅವಳ ಸೀರೆ ಕನಕಾಂಬರ. ಎಸಳಿನ ಮೇಲಿನ ಸಣ್ಣ ಸಣ್ಣ ಗೆರೆಗಳೇ ನೀರಿನ ಅಲೆಯಾಗಿದ್ದವು. ನಾನು ದಿನಾ ಮುಡಿಯುತ್ತಿದ್ದ ಹೂವುಗಳೊಳಗೆ ಇಷ್ಟೆಲ್ಲ ಇತ್ತೇ ಅಂತ ಬೆರಗಾಗಿ ನಿಂತುಬಿಟ್ಟೆ. ಆ ದಿನ ನನ್ನ ಬಾಯಿ ಕಟ್ಟಿದ್ದನ್ನು ನನ್ನ ಯಜಮಾನರು ಈಗಲೂ ಪವಾಡ ಅನ್ನುತ್ತಾರೆ.

ಅಕ್ಕ ಇಬ್ಬನಿ ಆರಿದ ಮೇಲೆಯೇ ಹೂ ಬಿಡಿಸುತ್ತಿದ್ದರು. ಹಳೇ ಪೇಪರಿನ ಹಾಳೆಗಳ ನಡುವೆ ಎಸಳುಗಳನ್ನು ಹರವಿ, ಮೇಲೆ ಭಾರ ಹೇರಿ, ತೇವವೆಲ್ಲ ಹೋಗುವ ತನಕ ಕಾಯುತ್ತಿದ್ದರು. ಅಂಟಿಸಲು ಬೇಲದ ಮರದ ಅಂಟು, ಎತ್ತಿಡಲು ಸಣ್ಣ ಚಿಮುಟ, ಹುಳ ಬೀಳದಿರಲು ಕರ್ಪೂರ. ಇದನ್ನೆಲ್ಲ ಯಾರು ಹೇಳಿಕೊಟ್ಟರು ಅಂದರೆ, ಯಾರೂ ಇಲ್ಲ, ಹಾಳು ಮಾಡಿ ಮಾಡಿ ಬಂತು ಅನ್ನುತ್ತಿದ್ದರು.

ಆದರೆ ಅಕ್ಕನಿಗೆ ಬೇಕಿದ್ದದ್ದು ನಾಲೆಯಲ್ಲ, ಹೊರೆ ಹೊತ್ತವಳೂ ಅಲ್ಲ. ಅದೆಲ್ಲ ಕೈ ಪಳಗಲಿ ಅಂತ ಮಾಡಿದ್ದು. ಅವರಿಗೆ ಬೇಕಿದ್ದದ್ದು ಅವರ ಅವ್ವನ ಮುಖ.

ಅವ್ವ ತೀರಿಕೊಂಡದ್ದು ಅಕ್ಕನ ಮದುವೆಯಾದ ಮಾರನೇ ವರ್ಷ. ಬದುಕಿದ್ದಾಗ ತೆಗೆದ ಫೋಟೋ ಒಂದೇ, ಅಕ್ಕನ ಧಾರೆಯದು. ಅದರಲ್ಲಿಯೂ ಅಕ್ಷತೆ ಹಾಕಲು ಎತ್ತಿದ ಯಾರದೋ ಕೈ ಸರಿಯಾಗಿ ಅವ್ವನ ಮುಖಕ್ಕೇ ಅಡ್ಡ ಬಂದಿತ್ತು. ಕಾಣುತ್ತಿದ್ದದ್ದು ಒಂದು ಕಿವಿ, ಅದರ ಓಲೆ, ಒಂದಿಷ್ಟು ಸೆರಗು. ನಮ್ಮ ಕಡೆ ಪಿತೃಪಕ್ಷದಲ್ಲಿ ಹಿರಿಯರ ಫೋಟೋಗಳನ್ನು ಸಾಲಾಗಿ ಇಟ್ಟು, ಒಬ್ಬೊಬ್ಬರಿಗೂ ಒಂದೊಂದು ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ ಎಡೆ ಇಡುತ್ತಾರೆ. ಅಕ್ಕನ ಮಾವನ ಎಡೆಯಲ್ಲಿ ಬೀಡಿ ಕಟ್ಟು ತಪ್ಪುತ್ತಿರಲಿಲ್ಲ. ಎಡೆ ಇಡುವುದು ಗಂಡುಮಕ್ಕಳ ಮನೆಯಲ್ಲಿ. ಅಕ್ಕನೋ ಒಬ್ಬಳೇ ಮಗಳು. ಕೊಟ್ಟ ಮನೆಯಲ್ಲಿ ಗಂಡನ ಕಡೆಯ ಹಿರಿಯರಿಗೆಲ್ಲ ವರ್ಷಾ ವರ್ಷ ಕೈಯಾರೆ ಬಡಿಸುತ್ತಿದ್ದರು. ಅವರ ಅವ್ವನಿಗೆ ಎಲೆ ಹಾಕುವ ಮನೆ ಭೂಮಿ ಮೇಲೆ ಇರಲಿಲ್ಲ.

“ಮೂಗು ಗ್ಯಾಪ್ಕಕ್ಕೆ ಬಂದ್ರೆ ಕಣ್ ಬರಕಿಲ್ಲ ಕಣವ್ವ. ಕಣ್ ಬಂದ್ರೆ ಬಾಯಿ ಬರಕಿಲ್ಲ. ಇಂಗೇ ಬುಟ್ರೆ ಪೂರ್ತಿ ಓಗ್ಬುಡ್ತದೆ,” ಅಂದರು ಒಂದು ದಿನ. ಅಷ್ಟು ಉದ್ದದ ಮಾತನ್ನು ನಾನು ಅವರ ಬಾಯಲ್ಲಿ ಕೇಳಿದ್ದು ಕಡಿಮೆ.

ಅಡ್ಡಿ ಇದ್ದದ್ದು ಮನೆಯೊಳಗೇ. ಅಕ್ಕನ ಅತ್ತೆಯನ್ನು ಬೀದಿಯವರೆಲ್ಲ ದೊಡ್ಡವ್ವ ಅನ್ನುತ್ತಿದ್ದೆವು. ಮಂಡಿ ನೋವಿನಿಂದ ಮಂಚ ಬಿಟ್ಟು ಹೆಚ್ಚು ಏಳುತ್ತಿರಲಿಲ್ಲ, ಆದರೂ ಮನೆಯ ಒಂದು ಸಾಸಿವೆಯೂ ಅವರ ಲೆಕ್ಕ ತಪ್ಪುತ್ತಿರಲಿಲ್ಲ. ಬಾಡಿದ ಹೂ ಮನೆಯಲ್ಲಿ ಇರಕೂಡದು ಅನ್ನುವುದು ಅವರ ಕಟ್ಟಪ್ಪಣೆ. ದೇವರ ಮೇಲಿಂದ ತೆಗೆದದ್ದು, ಜಡೆಯಿಂದ ಬಿಚ್ಚಿದ್ದು, ಎಲ್ಲ ಹಿತ್ತಿಲ ತೆಂಗಿನ ಬುಡಕ್ಕೆ ಹೋಗಬೇಕು. ಅಂಥ ಮನೆಯಲ್ಲಿ ಅಕ್ಕ ಹೂವುಗಳನ್ನು ಎಲ್ಲಿ ಒಣಗಿಸುತ್ತಿದ್ದರು ಅಂತೀರಿ? ದೊಡ್ಡವ್ವನ ಹಾಸಿಗೆಯ ಅಡಿಯಲ್ಲಿ. ಬೆಳಿಗ್ಗೆ ಹಾಸಿಗೆ ಕೊಡವುವ ನೆಪದಲ್ಲಿ ಪೇಪರು ಸೇರಿಸುವುದು, ಒಣಗಿದ ಮೇಲೆ ಅದೇ ನೆಪದಲ್ಲಿ ತೆಗೆಯುವುದು. ದೊಡ್ಡವ್ವ ಒಳ್ಳೇ ಮೈಕಟ್ಟಿನವರು. ಅಷ್ಟು ಹದವಾದ ಭಾರ ರಾಗಿ ಮೂಟೆಯಲ್ಲೂ ಸಿಕ್ಕುವುದಿಲ್ಲ ಅಂತ ಅಕ್ಕ ನನ್ನ ಕಿವಿಯಲ್ಲಿ ಹೇಳಿ ನಕ್ಕಿದ್ದರು.

ಸುಳ್ಳು ಹೇಳುವವರೂ ಅಲ್ಲ ಅವರು. ಹಿತ್ತಿಲಲ್ಲಿ ರಟ್ಟಿನ ಮುಂದೆ ಕೂತಿರುವಾಗ ಒಳಗಿನಿಂದ ಏನು ಮಾಡ್ತಿದ್ದೀಯೇ ಅಂತ ದೊಡ್ಡವ್ವ ಕೂಗಿದರೆ, “ಊವ ಬುಡುಸ್ತಾ ಇವ್ನಿ ಕಣತ್ತೆ” ಅನ್ನುತ್ತಿದ್ದರು. ಗಿಡದಿಂದ ಹೂ ಕೀಳುವುದಕ್ಕೂ ಬಿಡಿಸುವುದು ಅಂತಲೇ ಅನ್ನುತ್ತೇವೆ, ಚಿತ್ರ ಬರೆಯುವುದಕ್ಕೂ ಬಿಡಿಸುವುದು ಅಂತಲೇ. ದೊಡ್ಡವ್ವ ಒಂದು ಅರ್ಥ ಮಾಡಿಕೊಂಡು ಸುಮ್ಮನಾಗುತ್ತಿದ್ದರು, ಅಕ್ಕ ಇನ್ನೊಂದರಲ್ಲಿ ತಲೆ ಬಗ್ಗಿಸುತ್ತಿದ್ದರು. ನಾನು ಗೋಡೆಯೀಚೆ ನಗು ತಡೆಯಲಾರದೆ ಒಳಗೆ ಓಡುತ್ತಿದ್ದೆ.

ಅವ್ವನ ಕೂದಲು ಬೇಗ ಸಿಕ್ಕಿತು. ಕೆಂಪು ದಾಸವಾಳ ಒಣಗಿದರೆ ಹೆಚ್ಚುಕಡಿಮೆ ಕಪ್ಪೇ. ಕಣ್ಣಿನ ಬಿಳುಪಿಗೆ ರೈಲ್ವೆ ಸ್ಟೇಷನ್ ಬೇಲಿಯ ಬಿಳೀ ಕಾಗದದ ಹೂ ಕಿತ್ತು ತಂದರು. ಸೀರೆಗೆ ಕನಕಾಂಬರ ಇದ್ದೇ ಇತ್ತು. ಸಿಕ್ಕದಿದ್ದದ್ದು ಮೈಬಣ್ಣ. ಗುಲಾಬಿಯಲ್ಲಿ ಮಾಡಿ ನೋಡಿದರೆ ಅವ್ವ ಕ್ಯಾಲೆಂಡರಿನ ಲಕ್ಷ್ಮಿಯ ಹಾಗೆ ಕಂಡರು. ಹೊಲದ ಬಿಸಿಲಿನಲ್ಲಿ ಬೆಂದ ಮೈ ಅದು, ಆ ಬಣ್ಣದ ಹೂವನ್ನು ಎಲ್ಲಿಂದ ತರುವುದು? ಶ್ರಾವಣದ ಒಂದು ಶನಿವಾರ ಇಬ್ಬರೂ ಶ್ರೀರಂಗಪಟ್ಟಣಕ್ಕೆ ಹೋಗಿ ಕರಿಘಟ್ಟ ಹತ್ತಿದೆವು. ನಾನು ದೇವರ ದರ್ಶನಕ್ಕೆ, ಅಕ್ಕ ಪೊದೆಗಳ ದರ್ಶನಕ್ಕೆ. ಹಳದಿ, ಬಿಳಿ, ನೇರಳೆ ಎಲ್ಲ ಇದ್ದವು. ಮನುಷ್ಯರ ಬಣ್ಣದ್ದು ಒಂದೂ ಇರಲಿಲ್ಲ. ಇಳಿಯುವಾಗ ಅಕ್ಕ ಒಂದು ಮೆಟ್ಟಿಲ ಮೇಲೆ ಕೂತು, ಆಗದು ಬುಡು, ಅಂದುಬಿಟ್ಟರು.

ಆಮೇಲೆ ಸ್ವಲ್ಪ ದಿನಕ್ಕೆ ಗೋಡೆಯಾಚೆಯಿಂದ ಕರೆದರು. ದೊಡ್ಡವ್ವನ ಹಾಸಿಗೆಯ ಅಡಿಯಲ್ಲಿ ಮರೆತೇ ಹೋಗಿದ್ದ ಒಂದು ಪೇಪರು ಕೈಯಲ್ಲಿತ್ತು. ಬಣ್ಣ ಹಾಗೇ ಉಳಿಯಲಿ ಅಂತ ಇಟ್ಟಿದ್ದ ಮಲ್ಲಿಗೆ, ಸಂಪಿಗೆ ಎರಡೂ ಕಂದಿಹೋಗಿದ್ದವು. ಅಕ್ಕ ಮಲ್ಲಿಗೆಯ ಒಂದು ಎಸಳನ್ನು ಎತ್ತಿ ನನ್ನ ಮುಂಗೈ ಮೇಲೆ ಇಟ್ಟರು. ಎಸಳು ಯಾವುದು, ಚರ್ಮ ಯಾವುದು, ತಿಳಿಯಲಿಲ್ಲ. ತಮ್ಮ ಕೈ ಮೇಲೆ ಸಂಪಿಗೆ ಇಟ್ಟುಕೊಂಡರು, ಅದೂ ಹಾಗೇ. ನಾನು ಬೆಳ್ಳಗಿದ್ದೀನಿ ಅಂದುಕೊಂಡಿದ್ದ ಜಂಬ ಅಲ್ಲಿಗೆ ಇಳಿಯಿತು ಬಿಡಿ. ನಮ್ಮ ಬೀದಿಯ ಅಷ್ಟೂ ಜನರ ಬಣ್ಣ, ತಿಳಿಯಿಂದ ಕಡುವಿನ ತನಕ, ಆ ಪೇಪರಿನ ಮೇಲೆ ಹರಡಿತ್ತು. ತೆಂಗಿನ ಬುಡಕ್ಕೆ ಎಸೆದ ಹೂವುಗಳಲ್ಲೇ ಅಷ್ಟು ದಿನ ನಾವೆಲ್ಲ ಇದ್ದೆವು!

ಆ ಮಳೆಗಾಲ ಮುಗಿಯುವ ತನಕ ಅಕ್ಕ ಮುಖ ಕಟ್ಟಿದರು. ಎಸಳಿನ ಮೇಲೆ ಎಸಳು. ಒಮ್ಮೆ ಎಡಗೆನ್ನೆಗೆ ಇಟ್ಟ ಸಂಪಿಗೆ ತೀರಾ ಕಡುವಾಗಿ, ಅಲ್ಲಿ ಗುಳಿ ಬಿದ್ದ ಹಾಗೆ ಕಂಡಿತು. ಎಬ್ಬಿಸಲು ಹೋದರೆ ಬೇಲದ ಅಂಟು ಬಿಡಲಿಲ್ಲ. ಕೆಟ್ಟೋಯ್ತು ಅಂತ ಬಹಳ ಪೇಚಾಡಿದರು. ಕೊನೆಗೆ ಅದನ್ನು ಹಾಗೇ ಬಿಟ್ಟು ಮುಗಿಸಿದರು. ಅವರ ಯಜಮಾನರು ಕಟ್ಟು ಹಾಕಿಸಿ ತಂದರು. ಎಸಳುಗಳು ಗಾಜಿಗೆ ಒತ್ತಿಕೊಂಡು ನಿಲ್ಲಲಿ ಅಂತ ರಟ್ಟಿನ ಹಿಂದೆ ನಾನೇ ಲೈನಿಂಗ್ ಬಟ್ಟೆ ಮಡಿಸಿ ಕೊಟ್ಟೆ. ಪಟ ಗೋಡೆ ಏರಲಿಲ್ಲ, ಸೀರೆಗಳ ಅಡಿ ಟ್ರಂಕು ಸೇರಿತು.

ಪಕ್ಷದ ದಿನ ಎಡೆಗೆ ಇಡುವ ಹೊಸ ಬಟ್ಟೆ ಕೊಡಲು ಹೋಗಿದ್ದೆ. ನಡುಮನೆಯಲ್ಲಿ ಹಿರಿಯರ ಫೋಟೋಗಳು ಸಾಲಾಗಿ ಕೂತಿದ್ದವು. ಸಾಲಿನ ಕೊನೆಯಲ್ಲಿ, ಮಾವನವರ ದೊಡ್ಡ ಫೋಟೋದ ಹಿಂದೆ ಅರ್ಧ ಮರೆಯಾಗಿ, ಅಕ್ಕ ಅವ್ವನ ಪಟ ಇಟ್ಟಿದ್ದರು. ಅದರ ಮುಂದೆ ಎಲೆ ಇರಲಿಲ್ಲ. ಎಡೆ ಇಟ್ಟು ಬಾಗಿಲು ಮುಂದೆ ಮಾಡಿ ಎಲ್ಲರೂ ಆಚೆ ನಿಲ್ಲಬೇಕು, ಒಳಗೆ ಹಿರಿಯರು ಬಂದು ಉಣ್ಣುತ್ತಾರೆ ಅನ್ನುವುದು ನಂಬಿಕೆ. ಅವ್ವ ಅಷ್ಟು ಹೊತ್ತು ಅಲ್ಲಿ ಕೂತಿದ್ದರೂ ಸಾಕು ಅಂತ ಅಕ್ಕನ ಆಸೆ. ಬಾಗಿಲು ಎಳೆಯುವ ಮುಂಚೆ ದೊಡ್ಡವ್ವ ಗೋಡೆ ಹಿಡಿದು ಬಂದು ಒಂದು ಸಲ ಎಲ್ಲ ನೋಡಿದರು. ಅದೇನದು ಹಿಂದೆ, ಇತ್ತ ಕೊಡು, ಅಂದರು.

ಅಕ್ಕ ಪಟವನ್ನು ಎತ್ತಿ ಕೊಟ್ಟರು. ಒಣಗಿದ ಹೂವಿನದು, ಅದೂ ಬೇರೆ ಮನೆಯ ಹಿರಿಯರದು, ಅದೂ ಎಡೆಯ ಹೊತ್ತಿನಲ್ಲಿ. ದೊಡ್ಡವ್ವ ಪಟವನ್ನು ಬಾಗಿಲ ಬೆಳಕಿಗೆ ತಿರುಗಿಸಿದರು. ನನಗೆ ಆಗ ಹೊಳೆಯಿತು... ಆ ಮನೆಯಲ್ಲಿ ಅಕ್ಕ ಮತ್ತು ಅವರ ಯಜಮಾನರನ್ನು ಬಿಟ್ಟರೆ ಅವ್ವನನ್ನು ಕಣ್ಣಾರೆ ಕಂಡಿದ್ದವರು ದೊಡ್ಡವ್ವ ಮಾತ್ರ. ಎಷ್ಟೋ ಹೊತ್ತು ನೋಡಿದರು. ಆಮೇಲೆ ಒಂದು ಕೈಯಲ್ಲಿ ಸೆರಗು ಎಳೆದು ತಲೆಯ ಮೇಲೆ ಹೊದ್ದುಕೊಂಡರು, ಬೀಗಿತ್ತಿ ಎದುರು ಬಂದಾಗ ಹೊದ್ದುಕೊಳ್ಳುವ ಹಾಗೆ.

“ಎಡಗೆನ್ನೆ ಇಂಗೇ ಒಳೀಕೋಗಿತ್ತು. ನಿನ್ ಮದ್ವೆ ಮುಂಚೆ ದವಡೆ ಅಲ್ಲು ಕೀಳಿಸ್ಕಂಡಿದ್ರು,” ಅಂದರು. ಅಕ್ಕ ಪಟದ ಆ ಕೆನ್ನೆಯ ಮೇಲೆ ಬೆರಳಿಟ್ಟರು. ತಾನು ಮರೆತದ್ದು ತನ್ನ ಕೈಗೆ ನೆನಪಿತ್ತಲ್ಲ!

ದೊಡ್ಡವ್ವ ಪಟಕ್ಕೇ ಹೇಳಿದರು: “ಇಷ್ಟ್ ದಿಸ ನನ್ ಬೆನ್ನಡೀಲಿ ಸರಸರ ಅಂತಿದ್ದೋರು ನೀವೇನಾ ಬೀಗ್ತಿ?” ಆಮೇಲೆ ಸೊಸೆಯ ಕಡೆ ತಿರುಗಿದರು. “ಇನ್ನೊಂದ್ ಎಲೆ ಆಕವ್ವ.”

ಅಲ್ಲಿಂದಾಚೆ ಪಟ ಸಾಲಿನಲ್ಲಿಯೇ ಕೂತಿತು. ದೊಡ್ಡವ್ವ ಹೋದರು, ಕೆಲವು ವರ್ಷಕ್ಕೆ ಅಕ್ಕನ ಯಜಮಾನರು. ಹೋದ ಬೇಸಿಗೆಯಲ್ಲಿ ಅಕ್ಕನೂ... ನಾನು ಆಸ್ಪತ್ರೆಗೆ ಹೋಗಿ ನೋಡುವಷ್ಟರಲ್ಲಿ ಮುಗಿದುಹೋಗಿತ್ತು.

ಮೊನ್ನೆ ಪಟ ತಂದದ್ದು ಅಕ್ಕನ ಮಗಳು. ಅವಳೂ ಒಬ್ಬಳೇ ಮಗಳು, ನಾಗಮಂಗಲಕ್ಕೆ ಕೊಟ್ಟಿದೆ. ಹಿಂದಿನ ಲೈನಿಂಗ್ ಬಟ್ಟೆಗೆ ಬೂಸ್ಟು ಹಿಡಿದಿದೆ, ಬದಲಾಯಿಸಿ ಕೊಡಿ ಆಂಟಿ, ಈ ಸಲ ಪಕ್ಷಕ್ಕೆ ನಮ್ಮನೆಯಲ್ಲೇ ಎಡೆ ಇಡ್ತೀನಿ, ಅತ್ತೆ ಒಪ್ಪಿದ್ದಾರೆ ಅಂದಳು. ಹಳೇ ಬಟ್ಟೆ ತೆಗೆದು ಪಟವನ್ನು ತಿರುಗಿಸಿದೆ. ಕನಕಾಂಬರದ ಸೀರೆ ಬೆಳ್ಳಗಾಗಿತ್ತು. ದಾಸವಾಳದ ಕೂದಲು ನರೆತ ಹಾಗೆ ಬೂದಿ ಬಣ್ಣಕ್ಕೆ ತಿರುಗಿತ್ತು. ಬಣ್ಣವಿದ್ದದ್ದೆಲ್ಲ ಹೋಗಿತ್ತು. ಮುಖ ಮಾತ್ರ ಹಾಗೇ ಇತ್ತು. ಮೊದಲೇ ಬಾಡಿದ್ದ ಎಸಳುಗಳಿಗೆ ಇನ್ನು ಬಾಡಲು ಏನೂ ಉಳಿದಿರಲಿಲ್ಲ. ನರೆತ ಕೂದಲು, ಬಿಳೀ ಸೀರೆ, ಆ ಕೆನ್ನೆ... ನಾನು ನೋಡುತ್ತಲೇ ಇದ್ದೆ. ನನ್ನ ಎದುರಿಗಿದ್ದದ್ದು ನಾನು ಎಂದೂ ಕಾಣದ ಅವ್ವ ಅಲ್ಲ. ಕೊನೆಯ ವರ್ಷಗಳ ಅಕ್ಕ.

“ಫೋನಲ್ಲಿ ಅಮ್ಮನ ಫೋಟೋ ಬೇಕಾದಷ್ಟವೆ ಆಂಟಿ,” ಅಂದಳು ಮಗಳು. “ಯಾವ್ದೂ ಇಷ್ಟು ಅಮ್ಮನಂಗಿಲ್ಲ.”

ಹೊಸ ಬಟ್ಟೆ ಮಡಿಸಿಟ್ಟು, ಕರ್ಪೂರದ ಚೂರು ಸೇರಿಸಿ, ರಟ್ಟು ಮುಚ್ಚಿ ಮೊಳೆ ಒತ್ತಿದೆ. ಪಟವನ್ನು ಚೀಲಕ್ಕೆ ಇಟ್ಟುಕೊಳ್ಳುತ್ತಾ ಅವಳು, ಪಟ ಒಂದೇ ಅಲ್ವಾ, ಅಜ್ಜಿಗೆ ಅಂತ ಒಂದು ಎಲೆ ಹಾಕಿದರೆ ಸಾಕಾ ಅಂತ ಕೇಳಿದಳು. ಉತ್ತರ ನನ್ನ ಬಾಯಿಂದ ಬಂತು, ಮಾತು ದೊಡ್ಡವ್ವನದು.

“ಇನ್ನೊಂದ್ ಎಲೆ ಆಕವ್ವ,” ಅಂದೆ.

ಅವಳನ್ನು ಬಸ್ಸಿಗೆ ಹತ್ತಿಸಿ ಬಂದು ಅಂಗಡಿಯಲ್ಲಿ ಕೂತೆ. ಅಕ್ಕ ಇಲ್ಲ ಅನ್ನುವುದು ನನಗೆ ಸರಿಯಾಗಿ ತಿಳಿದದ್ದು ಆಗಲೇ. ಬೂಸ್ಟು ಹಿಡಿದ ಆ ಬಟ್ಟೆಯಲ್ಲಿ ಸಂಪಿಗೆಯ ವಾಸನೆ ಇನ್ನೂ ಇತ್ತು, ಎಸೆಯಲಿಲ್ಲ.