ನೀರು ಎಲ್ಲಿಂದ ಬಂತು

ಬೀಳಗಿ ತಾಲ್ಲೂಕಿನ ಒಂದು ಪುನರ್ವಸತಿ ಊರಿನ ಹೈಸ್ಕೂಲಿಗೆ ನಾನು ಗಣಿತ ಶಿಕ್ಷಕಿಯಾಗಿ ಬಂದಾಗ, ಹಳೆಯ ಊರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿ ಹನ್ನೆರಡು ವರ್ಷವಾಗಿತ್ತು. ಹೊಸ ಊರಿನ ಓಣಿಗಳು ಅಳತೆಪಟ್ಟಿ ಇಟ್ಟು ಗೆರೆ ಎಳೆದಷ್ಟು ನೇರ. ನಾನು ಬನಹಟ್ಟಿಯವಳು. ಬೆಳಗಿನಿಂದ ಸಂಜೆಯವರೆಗೆ ಮಗ್ಗದ ಸದ್ದು ಕೇಳುತ್ತ ಬೆಳೆದವಳಿಗೆ ಆ ನೇರ ಓಣಿಗಳ ಮೌನ ರೂಢಿಯಾಗಲು ಬಹಳ ದಿನ ಹಿಡಿಯಿತು.

ಭೂಗೋಳದ ಹುದ್ದೆ ಖಾಲಿ ಇದ್ದದ್ದರಿಂದ ಅದೂ ನನ್ನ ಪಾಲಿಗೆ ಬಂತು. ಒಂಬತ್ತನೇ ತರಗತಿಗೆ ಸಮೋನ್ನತ ರೇಖೆಗಳ ಪಾಠವಿತ್ತು. ನಕಾಶೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಕೂಡಿಸಿ ಎಳೆಯುವ ಗೆರೆಗೆ ಹಾಗೆನ್ನುತ್ತಾರೆ ಎಂದು ಹೇಳಿಕೊಟ್ಟೆ. ಮಕ್ಕಳು ಪರೀಕ್ಷೆಯಲ್ಲಿ ಆ ಮಾತನ್ನು ಒಂದಕ್ಷರ ತಪ್ಪಿಲ್ಲದೆ ಬರೆದರು. ಆದರೆ ನಕಾಶೆ ಮುಂದಿಟ್ಟು ಗುಡ್ಡ ಯಾವುದು, ತಗ್ಗು ಯಾವುದು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಡೆ ಬೆರಳಿಟ್ಟರು.

ಶಾಲೆಗೆ ಐದು ಕಂಪ್ಯೂಟರ್ ಬಂದಿದ್ದವು. ಇಂಟರ್‌ನೆಟ್ ಇರಲಿಲ್ಲ. ಕರೆಂಟು ಇದ್ದಾಗ ಮಕ್ಕಳು ಮನೆ, ಸೂರ್ಯ, ತೆಂಗಿನ ಗಿಡ ಬಿಡಿಸಿ ಬಣ್ಣ ತುಂಬುತ್ತಿದ್ದರು. ಅದಕ್ಕಿಂತ ಹೆಚ್ಚಿನದೇನನ್ನಾದರೂ ಮಾಡಿಸಬೇಕೆಂದು ನಾನು ರವಿವಾರಗಳಂದು ಜಮಖಂಡಿಯ ಒಂದು ತರಬೇತಿ ಕೇಂದ್ರಕ್ಕೆ ವೆಬ್ ಪುಟ ಮಾಡುವುದನ್ನು ಕಲಿಯಲು ಹೋಗತೊಡಗಿದೆ. ಕಲಿಸುವ ಹುಡುಗಿ ನನಗಿಂತ ಹತ್ತು ವರ್ಷ ಚಿಕ್ಕವಳು. ಮೊದಲ ದಿನ ಪರದೆಯ ಮೇಲೆ ಒಂದು ಬಟನ್ ಮಾಡಿ ತೋರಿಸಿದಳು. ಒತ್ತಿದರೆ ಹಿಂದಿನ ಬಣ್ಣ ಬದಲಾಗುತ್ತಿತ್ತು.

"ಇದು ಬರೇ ಓದೋ ಪುಟ ಅಲ್ರಿ ಮೇಡಂ. ಕೇಳಿದ್ದಕ್ಕ ಉತ್ತರ ಕೊಡತೈತಿ," ಎಂದಳು.

ಬಸ್ಸಿನಲ್ಲಿ ಬರುವಾಗ ಆ ಮಾತೇ ತಲೆಯಲ್ಲಿತ್ತು. ನನ್ನ ಮಕ್ಕಳು ಗೆರೆಗಳನ್ನು ಏನೂ ಕೇಳಲಾಗದ್ದರಿಂದಲೇ ಅವು ಅವರಿಗೆ ತಿಳಿಯುತ್ತಿಲ್ಲವೇನೋ ಅನ್ನಿಸಿತು.

ಪಂಚಾಯತಿ ಕಚೇರಿಯ ಗೋಡೆಯ ಮೇಲೆ ಹಳೆಯ ಊರಿನ ಸರ್ವೆ ನಕಾಶೆ ತೂಗುಹಾಕಿದ್ದರು. ಅದನ್ನು ಕೇಳಿ ತಂದು, ಮೇಲೆ ಚೌಕದ ಹಾಳೆ ಹರವಿ, ಇಪ್ಪತ್ತು ಸಾಲು, ಸಾಲಿಗೆ ಇಪ್ಪತ್ತು ಚೌಕ ಮಾಡಿಕೊಂಡೆ. ಪ್ರತಿ ಚೌಕದ ನೆಲ ಎಷ್ಟು ಎತ್ತರ ಎಂದು ನಕಾಶೆಯ ಸಮೋನ್ನತ ರೇಖೆಗಳಿಂದ ಅಂದಾಜು ಮಾಡಿ ನಾನೂರು ಅಂಕಿ ಬರೆದೆ. ಕಂಪ್ಯೂಟರಿನಲ್ಲಿ ಅಷ್ಟೇ ಚೌಕಗಳ ಕೋಷ್ಟಕ ಮಾಡಿ ಆ ಅಂಕಿಗಳನ್ನು ತುಂಬಿದೆ. ಕೆಳಗೆ ಎರಡು ಬಟನ್, 'ಏರಿಸು' ಮತ್ತು 'ಇಳಿಸು'. 'ಏರಿಸು' ಒತ್ತಿದಾಗಲೆಲ್ಲ ನೀರಿನ ಮಟ್ಟ ಒಂದು ಮೀಟರ್ ಮೇಲೇರುತ್ತಿತ್ತು. ಆ ಮಟ್ಟಕ್ಕಿಂತ ಕೆಳಗಿರುವ ಚೌಕಗಳು ನೀಲಿಯಾಗುತ್ತಿದ್ದವು. ಇಷ್ಟು ಮಾಡಲು ನನಗೆ ಎರಡು ತಿಂಗಳು ಬೇಕಾಯಿತು.

ಮಕ್ಕಳಿಗೆ ತೋರಿಸಿದ ದಿನ ಲ್ಯಾಬಿನಲ್ಲಿ ಜಾಗ ಸಾಲಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಬಟನ್ ಒತ್ತಿದರು. ನೀಲಿಯ ಅಂಚು ನಿಂತಲ್ಲೆಲ್ಲ ಒಂದೊಂದು ಗೆರೆ ಹುಟ್ಟುತ್ತಿತ್ತು. ಹಿಂದಿನ ಬೆಂಚಿನ ಒಬ್ಬ ಹುಡುಗಿ ತನ್ನಷ್ಟಕ್ಕೆ, "ಗೆರಿ ಅಂದ್ರ ನೀರಿನ ದಂಡಿ," ಎಂದಳು. ಅದಕ್ಕಿಂತ ಚೆನ್ನಾಗಿ ನಾನು ಆ ಪಾಠ ಹೇಳಿರಲಿಲ್ಲ. ಮನಸ್ಸು ತುಂಬಿ ಬಂತು.

ಬಿಸಿಯೂಟದ ಅಡುಗೆಯವರಲ್ಲಿ ಹಿರಿಯಳು ಬಾಗಿಲಲ್ಲಿ ನಿಂತಿದ್ದಳು. ಅರವತ್ತರ ಹತ್ತಿರದ ಹೆಂಗಸು. ಹಳೆಯ ಊರಿನಲ್ಲಿ ಕುರಿ ಕಾಯುತ್ತಿದ್ದ ಮನೆತನದವಳು, ಬೀರೇಶ್ವರನ ಒಕ್ಕಲು. ಮಕ್ಕಳೆಲ್ಲ ಆಕೆಯನ್ನು ಆಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಊಟಕ್ಕೆ ಕರೆಯಲು ಬಂದವಳು ಪರದೆ ನೋಡುತ್ತ ನಿಂತುಬಿಟ್ಟಿದ್ದಳು.

"ಇದ ನಮ್ಮ ಹಳೇ ಊರೇನ್ರಿ ಅಕ್ಕೋರ?"

"ಹೌದು ಆಯಿ. ಇದು ಹೊಳಿ, ಇದು ಊರ ಅಗಸಿ ಬಾಗಿಲು, ಇದು ಹಿಂದಿನ ಹಳ್ಳ," ಎಂದು ತೋರಿಸಿದೆ.

ಆಕೆ ಹತ್ತಿರ ಬಂದು ಬಗ್ಗಿದಳು. ಊರಿನ ನಡುವೆ ಒಂಟಿಯಾಗಿ ನೀಲಿಯಾಗಿದ್ದ ಎರಡು ಚೌಕಗಳ ಮೇಲೆ ಬೆರಳಿಟ್ಟಳು. ಮಣ್ಣಿನ ಮಾಳಿಗೆಯ ಮನೆಗಳಿಗೆಂದು ಅಗೆದು ಅಗೆದು ಅಲ್ಲೊಂದು ದೊಡ್ಡ ತಗ್ಗಾಗಿತ್ತು.

"ಇಲ್ಲಿಗಿ ನೀರ ಹೆಂಗ ಬಂತ್ರಿ?"

"ಅದು ತಗ್ಗು ಅಲ್ಲೇನು ಆಯಿ. ನೀರಿನ ಮಟ್ಟಕ್ಕಿಂತ ಕೆಳಗೈತಿ."

"ತಗ್ಗು ಖರೆ. ಸುತ್ತ ದಿಬ್ಬ ಐತಿ. ಹೊಳಿ ನೀರ ಇನ್ನ ಅಗಸಿಗೇ ಬಂದಿಲ್ಲ, ಇಲ್ಲಿ ಹೆಂಗ ತುಂಬತೈತಿ? ಹಾರಿ ಬಂತೇನು?"

ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ. ಪುಟ ಪ್ರತಿ ಚೌಕವನ್ನೂ ಒಂಟಿಯಾಗಿ ನೋಡುತ್ತಿತ್ತು. ನೀನು ತಗ್ಗೋ ಎಂದು ಕೇಳಿ, ಹೌದೆಂದರೆ ಮುಳುಗಿಸುತ್ತಿತ್ತು. ನೀರು ಎಲ್ಲಿಂದ ಬರಬೇಕು ಎಂಬುದನ್ನು ನಾನು ಯೋಚಿಸಿಯೇ ಇರಲಿಲ್ಲ.

"ನಾವೂ ಮುಂದಿಂದ ಬರತೈತಿ ಅಂತ ಹೊಳಿ ಕಡೆ ಮಾರಿ ಮಾಡಿ ಕುಂತಿದ್ವಿರಿ," ಎಂದಳು ಆಯಿ. "ಅದು ಹಿಂದಿಂದ ಬಂತು, ಹಳ್ಳ ಹಿಡಕೊಂಡು. ಕುರಿ ಹಟ್ಟಿಗಿ ನೀರ ಬಂದ ಮ್ಯಾಲ ಗೊತ್ತಾತು."

ಇಷ್ಟು ಹೇಳಿ, ಅನ್ನ ಆರುತ್ತದೆಂದು ಮಕ್ಕಳನ್ನು ಎಬ್ಬಿಸಿಕೊಂಡು ಹೋದಳು.

ಮುಂದಿನ ರವಿವಾರ ಜಮಖಂಡಿಯಲ್ಲಿ ಇದನ್ನು ಹೇಳಿದಾಗ ಕಲಿಸುವ ಹುಡುಗಿ ಹಾಳೆಯ ಮೇಲೆ ನಾಲ್ಕಾರು ಚೌಕ ಗೀಚಿದಳು. "ಆಯಿ ಹೇಳಿದ್ದ ಸರಿ ಐತ್ರಿ ಮೇಡಂ. ಮೊದಲ ಹೊಳಿ ಚೌಕ ಅಷ್ಟ ತುಂಬ್ರಿ. ತುಂಬಿದ ಚೌಕ ತನ್ನ ನಾಕೂ ಬಾಜೂದವರನ್ನ ಕೇಳಲಿ, ನೀವು ತಗ್ಗದೀರೇನು ಅಂತ. ತಗ್ಗಿದ್ದವರು ತುಂಬಲಿ. ತುಂಬಿದವರು ಮತ್ತ ಬಾಜೂದವರನ್ನ ಕೇಳಲಿ."

ಹಾಗೆಯೇ ಬರೆದೆ. ಬಟನ್ ಒತ್ತಿದೊಡನೆ ಕಂಪ್ಯೂಟರ್ ನಿಂತುಹೋಯಿತು. ಒಂದು ಚೌಕ ಪಕ್ಕದ್ದನ್ನು ಕೇಳುತ್ತಿತ್ತು, ಪಕ್ಕದ್ದು ತಿರುಗಿ ಮೊದಲಿನದನ್ನೇ ಕೇಳುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಕೇಳುತ್ತಲೇ ಕೂತಿದ್ದರು. ಇದು ತಿಳಿಯಲು ನನಗೆ ಹದಿನೈದು ದಿನ ಬೇಕಾಯಿತು. ಕೊನೆಗೆ, ಒಮ್ಮೆ ಕೇಳಿದ ಚೌಕಕ್ಕೆ ಗುರುತು ಹಾಕಿ ಮತ್ತೆ ಕೇಳದಂತೆ ಮಾಡಿದೆ. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಒಬ್ಬಳೇ ಕೂತು ಒತ್ತಿದೆ. ಹೊಳೆ ಉಬ್ಬಿತು. ಅಗಸಿಯ ಮುಂದಿನ ಏರಿನಲ್ಲಿ ನೀಲಿ ನಿಂತಿತು. ಏಳನೆಯ ಸಲ ಒತ್ತಿದಾಗ ಊರಿನ ಹಿಂದೆ, ಹಳ್ಳದ ಚೌಕಗಳು ಒಂದೊಂದಾಗಿ ನೀಲಿಯಾಗುತ್ತ ಮೇಲೆ ಬಂದವು.

ಹಳ್ಳದ ಸುದ್ದಿಯನ್ನು ನಾನು ಪುಟದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಅದಕ್ಕೆ ಕೊಟ್ಟದ್ದು ಬರೀ ಎತ್ತರಗಳು. ಆಯಿ ಕಂಡದ್ದನ್ನೇ ಅದೂ ಹೇಳಿತು.

ಸೋಮವಾರ ಆಕೆಯನ್ನು ಲ್ಯಾಬಿಗೆ ಕರೆದೆ. ಮಕ್ಕಳು ಸುತ್ತ ನಿಂತಿದ್ದರು. ಹಳ್ಳದಿಂದ ನೀರು ಏರತೊಡಗಿದಾಗ ಆಯಿ ಪರದೆಯ ಹತ್ತಿರ ಬಗ್ಗಿದಳು. ಮಕ್ಕಳು ಮಾತ್ರ ಪ್ರತಿ ಸಲ "ಮುಳಗಿತು, ಮುಳಗಿತು," ಎಂದು ಚಪ್ಪಾಳೆ ತಟ್ಟುತ್ತಿದ್ದರು. ಅವರಲ್ಲಿ ಹೆಚ್ಚಿನವರು ಊರು ಬಿಟ್ಟಾಗ ಕೈಗೂಸುಗಳು, ತೀರ ಸಣ್ಣವರು.

"ಸಾಕ್ರಿ ಅಕ್ಕೋರ," ಎಂದಳು ಆಯಿ ಮೆಲ್ಲಗೆ. "ಮುಂದ ಒತ್ತಬ್ಯಾಡ್ರಿ. ಮುಂದಿಂದು ನಮ್ಮ ಹಟ್ಟಿ."

ಮಕ್ಕಳ ಕೈ ನಿಂತಿತು. ನಾನು ಆ ಮಾತನ್ನು ಬಹಳ ದಿನ ಯೋಚಿಸಿದೆ. ನಾನೂರು ಚೌಕಗಳಲ್ಲಿ ಎತ್ತರ ಇತ್ತು, ಮನೆಗಳಿರಲಿಲ್ಲ. ಆ ವಾರ ಪುಟಕ್ಕೆ ಇನ್ನೊಂದು ಸೌಲಭ್ಯ ಸೇರಿಸಿದೆ. ಯಾವುದೇ ಚೌಕದ ಮೇಲೆ ಒತ್ತಿದರೆ ಅಲ್ಲಿ ಏನಿತ್ತು ಎಂದು ಕಾಣಿಸುತ್ತಿತ್ತು. ಅದನ್ನು ತುಂಬುವ ಕೆಲಸ ಮಕ್ಕಳದು. ಮನೆಯಲ್ಲಿ ಕೇಳಿಕೊಂಡು ಬಂದು ಹೇಳುತ್ತಿದ್ದರು, ನಾನು ಸೇರಿಸುತ್ತಿದ್ದೆ. ಯಾರ ಕಣ, ಯಾವ ಬಾವಿ, ಎಲ್ಲಿ ಎರಡು ಬೇವಿನ ಗಿಡ. ಒಂದೇ ಚೌಕದಲ್ಲಿ ತಮ್ಮ ಮನೆ ಇತ್ತೆಂದು ಇಬ್ಬರು ಹುಡುಗಿಯರು ಜಗಳವಾಡಿದರು. ಕೇಳಿದರೆ ಇಬ್ಬರ ಅಜ್ಜಂದಿರೂ ಅಣ್ಣತಮ್ಮಂದಿರು. ಆಮೇಲೆ ಬಟನ್ ಒತ್ತುವಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ನಾನೇನೂ ಬುದ್ಧಿ ಹೇಳಿರಲಿಲ್ಲ.

ಆ ವರ್ಷ ಮುಧೋಳದಲ್ಲಿ ಶಿಕ್ಷಕರ ತರಬೇತಿ ಇತ್ತು. ತರಗತಿಯಲ್ಲಿ ಕಂಪ್ಯೂಟರ್ ಬಳಸಿದವರು ಬಂದು ತೋರಿಸಿ ಎಂದರು. ನಾನು ಪುಟವನ್ನು ಪೆನ್ ಡ್ರೈವಿನಲ್ಲಿ ಒಯ್ದು ತೋರಿಸಿದೆ. ಎಲ್ಲರಿಗೂ ಬಹಳ ಹಿಡಿಸಿತು. ರನ್ನ ಬೆಳಗಲಿಯ ಒಬ್ಬ ಮಾಸ್ತರು ಎದ್ದು ನಿಂತು ಕೇಳಿದರು:

"ತಗ್ಗಿದ್ರ ಸಾಲದು, ನೀರಿಗಿ ದಾರಿನೂ ಬೇಕು ಅನ್ನೋದು ನಿಮಗ ಹೆಂಗ ಹೊಳೀತ್ರಿ ಮೇಡಂ?"

"ಮಾಡ್ತ ಮಾಡ್ತ ಹೊಳೀತ್ರಿ," ಎಂದೆ.

ಯಾಕೆ ಹಾಗೆಂದೆನೋ. ಅಷ್ಟು ಜನರ ಮುಂದೆ ಅಡುಗೆಯಾಕೆ ತಿದ್ದಿದಳೆಂದು ಹೇಳಲು ನಾಲಿಗೆ ಏಳಲಿಲ್ಲ. ಚಪ್ಪಾಳೆಯಾಯಿತು, ಒಂದು ಪ್ರಶಸ್ತಿಪತ್ರ ಕೊಟ್ಟರು. ಅದನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬರುವಾಗ ದಾರಿಯುದ್ದಕ್ಕೂ ಹೊರಗೆ ನೋಡುತ್ತಿದ್ದೆ, ಏನೂ ಕಾಣಲಿಲ್ಲ.

ಮರುದಿನ ಹೆಡ್ ಮಾಸ್ತರು ಪ್ರಾರ್ಥನೆಯ ಹೊತ್ತಿಗೆ ಅದನ್ನು ಎತ್ತಿ ತೋರಿಸಿದರು. ಅಡುಗೆ ಕೋಣೆಯ ಬಾಗಿಲಲ್ಲಿ ನಿಂತು ಆಯಿಯೂ ಚಪ್ಪಾಳೆ ತಟ್ಟಿದಳು. ಅದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ಅಡುಗೆ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಆಯಿ ಬೋಗುಣಿ ತಿಕ್ಕುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ನಾ ಕಂಡಿದ್ದ ಹೇಳಿದೆ, ನೀವ ಮಾಡಿದ್ರಿ. ಅದರಾಗೇನ ಐತ್ರಿ."

"ಹಂಗಲ್ಲ ಆಯಿ. ನಿಮ್ಮ ಹೆಸರು ಹೇಳಬೇಕಾಗಿತ್ತು. ನಾ ಹೇಳಲಿಲ್ಲ."

ಆಕೆ ಬೋಗುಣಿಗೆ ನೀರು ಹಾಕಿ ತೊಳೆದು ಬೋರಲು ಹಾಕಿದಳು. "ಹೇಳಬೇಕಿತ್ತ ಬಿಡ್ರಿ," ಎಂದಳು ಆಮೇಲೆ. ಸಿಟ್ಟಿರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದಳು, ಅಷ್ಟೇ.

ಅಂದೇ ಪುಟದ ಕೆಳಗೆ, ನೀರಿನ ದಾರಿಯನ್ನು ತೋರಿಸಿಕೊಟ್ಟವರು ಎಂದು ಆಕೆಯ ಹೆಸರು ಬರೆದು ಲ್ಯಾಬಿಗೆ ಕರೆದೆ. ಆಯಿಗೆ ಓದು ಬರುತ್ತಿರಲಿಲ್ಲ. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಗಟ್ಟಿಯಾಗಿ ಓದಿದಳು. ಆಯಿ ಇನ್ನೊಮ್ಮೆ ಓದಿಸಿದಳು.

"ಮುಂದ ಊರ ಹೆಸರ ಹಾಕ್ರಿ," ಎಂದಳು.

ನಾನು ಶಾಲೆ ಇದ್ದ ಊರಿನ ಹೆಸರು ಬರೆದೆ. ಹುಡುಗಿ ಅದನ್ನು ಓದಿದೊಡನೆ ಆಯಿ ತಲೆ ಅಲ್ಲಾಡಿಸಿದಳು.

"ಈ ಊರಿಂದಲ್ರಿ. ಹಳೇದು."

ಹಾಗೆಯೇ ತಿದ್ದಿದೆ. ಮುಂದೆ ನನಗೆ ಸಾವಳಗಿಗೆ ವರ್ಗವಾಯಿತು. ಹೋದಲ್ಲೆಲ್ಲ ಮಕ್ಕಳಿಗಾಗಿ ಇಂಥ ಪುಟಗಳನ್ನು ಮಾಡುತ್ತಲೇ ಬಂದೆ. ಕೆಲವು ಚೆನ್ನಾಗಿ ಬಂದವು, ಕೆಲವು ಯಾರಿಗೂ ಬೇಡವಾದವು. ಒಂದು ಪದ್ಧತಿ ಮಾತ್ರ ಬಿಟ್ಟಿಲ್ಲ. ಪುಟ ಮುಗಿಯಿತು ಅನ್ನಿಸಿದಾಗ, ಅದರಲ್ಲಿ ಹೇಳಿದ ಸಂಗತಿಯನ್ನು ಕಣ್ಣಾರೆ ಕಂಡವರು ಯಾರಾದರೂ ಹತ್ತಿರದಲ್ಲಿದ್ದಾರೆಯೇ ಎಂದು ಹುಡುಕುತ್ತೇನೆ. ಸಿಕ್ಕರೆ ಕರೆತಂದು ಪರದೆಯ ಮುಂದೆ ಕೂಡಿಸಿ, ನಾನು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂರುತ್ತೇನೆ.